ಎಫ್ ಕೀಲಿ ಸತ್ತರೆ ಬಬಲೇಶ್ವರ ಏನಾಗುತ್ತದೆ?

ಗೆಳೆಯರೇ, ಒಂದು ಸಣ್ಣ ಪ್ರಯೋಗ ಮಾಡಿ. ನುಡಿ ಹಾಕಿಕೊಂಡು, ಎಫ್ ಕೀಲಿಯನ್ನು ಮುಟ್ಟದೆ ನಮ್ಮ ಕಡೆಯ ಮೂರು ಊರುಗಳ ಹೆಸರು ಟೈಪ್ ಮಾಡಿ: ವಿಜಯಪುರ, ತಿಕೋಟಾ, ಬಬಲೇಶ್ವರ. ಮೊದಲ ಎರಡು ಸಲೀಸಾಗಿ ಬರುತ್ತವೆ. ಮೂರನೆಯದು "ಬಬಲೇಶವರ" ಆಗುತ್ತದೆ. (ಬಿಜಾಪುರ 2014ರ ನವೆಂಬರ್ 1ರಂದು ವಿಜಯಪುರವಾದಾಗಲೂ ಎಫ್ ಕೀಲಿಗೆ ಕೆಲಸ ಹೆಚ್ಚಲಿಲ್ಲ ಬಿಡಿ!)

ಬಬಲೇಶ್ವರದಲ್ಲಿ ನಮ್ಮ ಕಾಕಾನ ಝೆರಾಕ್ಸ್ ಅಂಗಡಿ ಇದೆ. ಅರ್ಜಿ, ಕರಾರುಪತ್ರ, ಹೊಲ ಪಾಲು ಮಾಡಿಕೊಂಡ ಕಾಗದ ಇವನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿಕೊಡುತ್ತಾರೆ. ಇಂಥ ಕಾಗದದಲ್ಲಿ ಊರಿನ ಹೆಸರು, ಅಪ್ಪನ ಹೆಸರು ಒಂದಕ್ಷರ ತಪ್ಪಿದರೂ ರೈತ ಮತ್ತೊಮ್ಮೆ ಬಸ್ ಹತ್ತಬೇಕು. ಒಂದು ದಿನ ಫೋನ್ ಬಂತು: "ತಮ್ಮಾ, ಬಾಕಿ ಎಲ್ಲಾ ಮೂಡಾಕತ್ತಾವ, ಒತ್ತಕ್ಷರ ಒಂದ ಬರವಲ್ದು ನೋಡು. ನುಡಿ ಕೆಟ್ಟೈತೇನ?"

ನುಡಿ ಕೆಟ್ಟಿರಲಿಲ್ಲ. ಇಂಗ್ಲಿಷಿಗೆ ಬದಲಿಸಿ ಒತ್ತಿದರೂ ಎಫ್ ಬರಲಿಲ್ಲ, ಪರದೆಯ ಮೇಲಿನ ಕೀಬೋರ್ಡಿನಲ್ಲಿ ಕ್ಲಿಕ್ ಮಾಡಿದರೆ ಬಂತು. ಅಂದರೆ ತೊಂದರೆ ಕೀಲಿಯದ್ದೇ. ಲ್ಯಾಪ್‌ಟಾಪಿನ ಕೀಲಿಗಳ ಕೆಳಗೆ ಅಡ್ಡ-ಉದ್ದ ಗೆರೆಗಳ ಜಾಲವಿರುತ್ತದೆ. ಒಂದು ಗೆರೆಯೇ ತುಂಡಾದರೆ ಅದರ ಮೇಲಿನ ಹಲವು ಕೀಲಿಗಳು ಒಟ್ಟಿಗೆ ಸುಮ್ಮನಾಗುತ್ತವೆ. ಒಂದೇ ಕೀಲಿ ಸತ್ತಿದ್ದರೆ ಹೆಚ್ಚಾಗಿ ಧೂಳು, ಇಲ್ಲವೇ ಕೆಳಗಿನ ರಬ್ಬರ್ ಸವೆದಿರುತ್ತದೆ. ನಮ್ಮೂರ ಧೂಳು ನಿಮಗೆ ಗೊತ್ತೇ ಇದೆಯಲ್ಲ. ಯಂತ್ರ ಆರಿಸಿ, ಬೋರಲು ಹಾಕಿ ಊದಿಸಿದೆ. ಜಗ್ಗಲಿಲ್ಲ. ಕೊನೆಗೆ ಶಾರ್ಪ್‌ಕೀಸ್ ಎಂಬ ಪುಟ್ಟ ತಂತ್ರಾಂಶದಿಂದ ಕ್ಯಾಪ್ಸ್ ಲಾಕ್ ಒತ್ತಿದರೆ ಎಫ್ ಬರುವಂತೆ ಮಾಡಿ, ಯಂತ್ರ ರೀಸ್ಟಾರ್ಟ್ ಮಾಡಿಸಿದೆ. ಕನ್ನಡ ಬರೆಯುವವರಿಗೆ ಕ್ಯಾಪ್ಸ್ ಲಾಕ್ ಹೇಗೂ ಉಪದ್ರವವೇ, ಗೊತ್ತಿಲ್ಲದೆ ಒತ್ತಿದರೆ ಕ ಹೋಗಿ ಖ ಬರುತ್ತದೆ :)

ಆಮೇಲೆ ನನ್ನ ತಲೆ ಕೊರೆದದ್ದು ಬೇರೆ ಪ್ರಶ್ನೆ. ಕನ್ನಡದ ಅಷ್ಟೂ ಒತ್ತಕ್ಷರಗಳು ಒಂದೇ ಕೀಲಿಗೆ ಜೋತುಬಿದ್ದದ್ದು ಯಾವಾಗ?

ಟೈಪ್‌ರೈಟರ್ ಕಾಲದಲ್ಲಿ ಹೀಗಿರಲಿಲ್ಲ. ಕೆ. ಅನಂತಸುಬ್ಬರಾಯರು ಕನ್ನಡ ಟೈಪ್‌ರೈಟರಿಗೆ ಕೀಲಿಮಣೆ ರೂಪಿಸಿದಾಗ ಇದ್ದದ್ದು ನಲವತ್ತು ಚಿಲ್ಲರೆ ಕೀಲಿ, ಒಂದೊಂದರಲ್ಲಿ ಎರಡೆರಡು ಅಚ್ಚು. ಅಷ್ಟರಲ್ಲೇ ಅಕ್ಷರ, ಗುಣಿತದ ತುಂಡು, ಒತ್ತು ಎಲ್ಲವೂ ಹಿಡಿಯಬೇಕು. ಭಾರತೀಯ ಲಿಪಿಗಳ ಟೈಪ್‌ರೈಟರುಗಳಲ್ಲಿ ಕೆಲವು ಕೀಲಿಗಳು ಅಚ್ಚು ಹೊಡೆಯುತ್ತವೆ, ಆದರೆ ಕಾಗದವನ್ನು ಮುಂದೆ ಸರಿಸುವುದಿಲ್ಲ, ಹಾಗಾಗಿ ಮುಂದಿನ ಅಕ್ಷರವೂ ಅದೇ ಜಾಗದಲ್ಲಿ ಬೀಳುತ್ತದೆ. ಇವಕ್ಕೆ "ಡೆಡ್ ಕೀ" ಎಂದೇ ಹೆಸರು. ಅಲ್ಲಿ ಸತ್ತ ಕೀಲಿಯೇ ಕೆಲಸದ ಕೀಲಿ! ಒಂದು ಒತ್ತಿನ ಕೀಲಿ ಮುರಿದರೆ ಆ ಒತ್ತು ಮಾತ್ರ ಹೋಗುತ್ತಿತ್ತು, ಉಳಿದವು ಇರುತ್ತಿದ್ದವು.

ಇದನ್ನು ತಲೆಕೆಳಗು ಮಾಡಿದವರು ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ. ಪಿ. ರಾವ್. ಅಕ್ಷರದ ಆಕಾರವನ್ನು ಕೀಲಿಯ ಮೇಲೆ ಕೂರಿಸುವುದನ್ನೇ ಬಿಟ್ಟು, ಸ್ವರ-ವ್ಯಂಜನಗಳನ್ನು ಮಾತ್ರ ಕೂರಿಸಿದರು. ಎ ಇಂದ ಜೆಡ್ ತನಕದ ಕೀಲಿಗಳೇ ಸಾಕು. ಗುಣಿತ, ಒತ್ತು ಕಟ್ಟುವುದು ತಂತ್ರಾಂಶದ ಹೊಣೆ. ವ್ಯಂಜನ, ಎಫ್, ಇನ್ನೊಂದು ವ್ಯಂಜನ, ಇಷ್ಟೇ ಸೂತ್ರ. ಅವರ "ಸೇಡಿಯಾಪು" ತಂತ್ರಾಂಶದಲ್ಲಿ (ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರು) ಬಂದ ಈ ವಿನ್ಯಾಸವನ್ನೇ ಮುಂದೆ ರಾಜ್ಯ ಸರ್ಕಾರ ಅಧಿಕೃತವಾಗಿ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ನಾವು ಕುಟ್ಟುವುದು ಇದನ್ನೇ. "ವಿಜಯಪುರ"ಕ್ಕೆ ಬರೀ ಏಳು ಕೀಲಿ ಸಾಕು. ನನ್ನ ಪ್ರಕಾರ ಕನ್ನಡಕ್ಕೆ ಸಿಕ್ಕ ಅತ್ಯಂತ ಅಚ್ಚುಕಟ್ಟಾದ ಎಂಜಿನಿಯರಿಂಗ್ ಇದು. ಎಫ್ ಮೇಲೆ ಬಿದ್ದ ಭಾರ ಅದಕ್ಕೆ ತೆತ್ತ ಬೆಲೆ.

ಕೇಂದ್ರ ಸರ್ಕಾರದ ಇಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ತಂದ ಇನ್‌ಸ್ಕ್ರಿಪ್ಟ್ ಕೂಡ ಇದೇ ದಾರಿಯದ್ದು, ಆದರೆ ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಜೋಡಣೆ. ಅಲ್ಲಿ ಒತ್ತಿನ ಕೊಂಡಿ ಡಿ ಕೀಲಿಯಲ್ಲಿದೆ, ಎಫ್‌ನಲ್ಲಿರುವುದು ಗುಡಿಸು. ಅದೇ ಎಫ್ ಅಲ್ಲಿ ಸತ್ತರೆ ಬಬಲೇಶ್ವರ ಸುರಕ್ಷಿತ, ಉಳಿದವು "ವಜಯಪುರ", "ತಕೋಟಾ"!

1998ರಲ್ಲಿ ಶೇಷಾದ್ರಿವಾಸು ಅವರ "ಬರಹ" ಬಂತು. ನಮ್ಮಂಥ ಬ್ಲಾಗಿಗರಲ್ಲಿ ಎಷ್ಟೋ ಜನ ಕನ್ನಡ ಕುಟ್ಟಲು ಕಲಿತದ್ದೇ ಅದರಲ್ಲಿ. ಇಂಗ್ಲಿಷಿನಲ್ಲಿ ಬರೆದಂತೆ ಬರೆಯುವ ಅದರ ಕ್ರಮದಲ್ಲಿ ಈ ಮೂರು ಊರುಗಳಿಗೆ ಎಫ್ ಬೇಕೇ ಇಲ್ಲ. ಆದರೆ ಎ ಸತ್ತಿತೋ, ಎಲ್ಲೆಲ್ಲೂ ಒತ್ತೇ ಒತ್ತು: "ವಿಜ್ಯ್ಪುರ್". ಕಾಕಾ ಇದನ್ನು ಓದಿ ನಕ್ಕರು, ಆದರೂ ಹೊಸ ಕೀಬೋರ್ಡ್ ಹಾಕಿಸಿದ ಮೇಲೂ ಕ್ಯಾಪ್ಸ್ ಲಾಕನ್ನು ಮಾತ್ರ ಎಫ್ ಆಗಿಯೇ ಉಳಿಸಿಕೊಂಡಿದ್ದಾರೆ.

ನಿಮ್ಮ ಕೀಬೋರ್ಡಿನಲ್ಲಿ ಮೊದಲು ಸವೆದ ಕೀಲಿ ಯಾವುದು? ಯಾವ ವಿನ್ಯಾಸ ಬಳಸುತ್ತೀರೆಂದೂ ಸೇರಿಸಿ ತಿಳಿಸಿ.