ಬೆಂಕಿ ಅವಘಡ: ಮನೆಯ ಸಾಕುಪ್ರಾಣಿಗಳನ್ನು ರಕ್ಷಿಸುವುದು ಹೇಗೆ?

ಮನೆಗೆ ಬೆಂಕಿ ಬಿದ್ದಾಗ ಮನುಷ್ಯ ಬಾಗಿಲು ತೆರೆದು ಹೊರಗೆ ಓಡಬಲ್ಲ, ಕೂಗಿ ನೆರೆಹೊರೆಯವರನ್ನು ಕರೆಯಬಲ್ಲ, ಅಗ್ನಿಶಾಮಕ ದಳಕ್ಕೆ ಕರೆ ಮಾಡಬಲ್ಲ. ಹಿತ್ತಿಲಲ್ಲಿ ಸರಪಳಿಗೆ ಕಟ್ಟಿದ ನಾಯಿಗೆ, ಮಂಚದಡಿಯಲ್ಲಿ ಅವಿತ ಬೆಕ್ಕಿಗೆ, ಪಂಜರದಲ್ಲಿರುವ ಹಕ್ಕಿಗೆ ಇವಾವುವೂ ಸಾಧ್ಯವಿಲ್ಲ. ಅವುಗಳ ಅಳಿವು ಉಳಿವು ಬಹುಮಟ್ಟಿಗೆ ಮನೆಯವರು ಮುಂಚಿತವಾಗಿ ಮಾಡಿಟ್ಟ ಏರ್ಪಾಡನ್ನೇ ಅವಲಂಬಿಸಿರುತ್ತದೆ.

ಗಂಡ ಹೆಂಡತಿ ಇಬ್ಬರೂ ಉದ್ಯೋಗಕ್ಕೆ, ಮಕ್ಕಳು ಶಾಲೆಗೆ ತೆರಳಿದ ಬಳಿಕ ನಾಯಿ ಬೆಕ್ಕುಗಳು ಹಗಲಿಡೀ ಬೀಗ ಹಾಕಿದ ಮನೆಯಲ್ಲಿ ಒಂಟಿಯಾಗಿರುವುದು ನಗರಗಳಲ್ಲಿ ಸಾಮಾನ್ಯ. ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆ ಇಂತಹ ಮನೆಗಳಿಗೆ ಅಕ್ಷರಶಃ ಅನ್ವಯಿಸುತ್ತದೆ. ಸಾಕುಪ್ರಾಣಿಗಳಿರುವ ಕುಟುಂಬಗಳು ತಿಳಿದಿರಬೇಕಾದ ಮುಖ್ಯ ಸಂಗತಿಗಳನ್ನು ಇಲ್ಲಿ ಕೊಡಲಾಗಿದೆ.

ಜ್ವಾಲೆಗಿಂತ ಹೊಗೆ ಅಪಾಯಕಾರಿ

ಬೆಂಕಿ ಅವಘಡಗಳಲ್ಲಿ ಸುಟ್ಟ ಗಾಯಕ್ಕಿಂತ ಮೊದಲು ಪ್ರಾಣ ತೆಗೆಯುವುದು ಹೊಗೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿಯನ್ನು ಬಲಿ ತೆಗೆದುಕೊಂಡ ದುರಂತದಲ್ಲಿ ಕಟ್ಟಡವನ್ನು ಆವರಿಸಿದ ದಟ್ಟ ಹೊಗೆಯೇ ಜನರನ್ನು ದಿಕ್ಕೆಡಿಸಿತ್ತು.

ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ನೊಂದಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಬೆಸೆದುಕೊಳ್ಳುತ್ತದೆ. ಪರಿಣಾಮವಾಗಿ ಶ್ವಾಸ ಆಡುತ್ತಿದ್ದರೂ ಮೆದುಳಿಗೆ ಮತ್ತು ಹೃದಯಕ್ಕೆ ಆಮ್ಲಜನಕ ತಲುಪುವುದಿಲ್ಲ. ಸೋಫಾ, ಹಾಸಿಗೆಗಳ ಫೋಮ್ ಉರಿದಾಗ ಇದರೊಂದಿಗೆ ಹೈಡ್ರೋಜನ್ ಸಯನೈಡ್ ಕೂಡ ಹೊರಬೀಳುತ್ತದೆ. ದೇಹಗಾತ್ರ ಚಿಕ್ಕದಾಗಿದ್ದು ಉಸಿರಾಟದ ವೇಗ ಹೆಚ್ಚಾಗಿರುವ ಪ್ರಾಣಿಗಳ ಮೇಲೆ ಈ ಅನಿಲಗಳ ಪ್ರಭಾವ ಬಹುಬೇಗ ಉಂಟಾಗುತ್ತದೆ.

ಪಕ್ಷಿಗಳಂತೂ ಅತಿ ಸೂಕ್ಷ್ಮ. ಅವುಗಳ ಶ್ವಾಸಕೋಶಕ್ಕೆ ಗಾಳಿಚೀಲಗಳು ಹೊಂದಿಕೊಂಡಿದ್ದು, ಉಸಿರಿನಲ್ಲಿರುವ ವಿಷವೂ ಅಷ್ಟೇ ಶೀಘ್ರವಾಗಿ ರಕ್ತ ಸೇರುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ವಿಷಾನಿಲದ ಮುನ್ಸೂಚನೆಗಾಗಿ 1986ರವರೆಗೂ ಕೆನರಿ ಹಕ್ಕಿಗಳನ್ನು ಬಳಸುತ್ತಿದ್ದುದು ಈ ಕಾರಣಕ್ಕೆ. ಒಲೆಯ ಮೇಲೆ ಮರೆತುಬಿಟ್ಟ ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದರೆ ಹೊರಡುವ ಆವಿಯೇ ಪಂಜರದ ಹಕ್ಕಿಯನ್ನು ಕೊಲ್ಲಬಲ್ಲದು. ಹೀಗಾಗಿ ಹಕ್ಕಿಯ ಪಂಜರ ಅಡುಗೆಮನೆಯಿಂದ ದೂರವಿರಬೇಕು.

ಪ್ರಾಣಿಗಳು ಹೇಗೆ ವರ್ತಿಸುತ್ತವೆ?

ನಾಯಿ ಬೊಗಳಿ ಮನೆಯವರನ್ನು ಎಬ್ಬಿಸುತ್ತದೆ, ಬೆಕ್ಕು ತಾನಾಗಿಯೇ ಕಿಟಕಿಯಿಂದ ಹಾರಿ ಪಾರಾಗುತ್ತದೆ ಎಂಬ ನಂಬಿಕೆ ಅನೇಕರಲ್ಲಿದೆ. ಕೆಲವೊಮ್ಮೆ ಹಾಗೆ ನಡೆಯುವುದುಂಟು. ಆದರೆ ಹೆಚ್ಚಿನ ಪ್ರಾಣಿಗಳು ಗಾಬರಿಯಾದಾಗ ತಮಗೆ ಪರಿಚಿತವಾದ ಇಕ್ಕಟ್ಟಿನ ಜಾಗವನ್ನು ಹುಡುಕುತ್ತವೆ. ಮಂಚದ ಕೆಳಗೆ, ಬೀರುವಿನ ಹಿಂದೆ, ಬಟ್ಟೆಯ ಬುಟ್ಟಿಯೊಳಗೆ, ಬಚ್ಚಲುಮನೆಯ ಮೂಲೆಯಲ್ಲಿ ಅವು ಅಡಗಿ ಕುಳಿತುಬಿಡುತ್ತವೆ. ಮುಖಕವಚ ಧರಿಸಿ ಬರುವ ಅಗ್ನಿಶಾಮಕ ಸಿಬ್ಬಂದಿಯನ್ನು ಕಂಡು ಇನ್ನಷ್ಟು ಒಳಕ್ಕೆ ಸರಿಯುತ್ತವೆ. ಅತ್ಯಂತ ಸಾಧು ನಾಯಿಯೂ ಆ ಹೊತ್ತಿನಲ್ಲಿ ಕಚ್ಚಬಹುದು.

ಆದ್ದರಿಂದ ನಿಮ್ಮ ಸಾಕುಪ್ರಾಣಿಗೆ ಪ್ರಿಯವಾದ ಅಡಗುತಾಣಗಳು ಯಾವುವು ಎಂಬುದನ್ನು ಮನೆಯ ಎಲ್ಲರೂ ತಿಳಿದಿರಬೇಕು. ಪಟಾಕಿ ಸದ್ದಿಗೆ ಅದು ಎಲ್ಲಿ ಓಡಿ ಅವಿತುಕೊಳ್ಳುತ್ತದೆಯೋ, ಬೆಂಕಿ ಬಿದ್ದಾಗಲೂ ಅಲ್ಲಿಗೇ ಹೋಗುವ ಸಂಭವ ಹೆಚ್ಚು.

ಬೆಂಕಿಗೆ ಅವೇ ಕಾರಣವಾಗದಿರಲಿ

ಸಾಕುಪ್ರಾಣಿಗಳ ತುಂಟಾಟವೂ ಬೆಂಕಿಗೆ ದಾರಿಯಾಗಬಲ್ಲದು. ಈ ಕೆಳಗಿನ ಅಂಶಗಳತ್ತ ಗಮನವಿರಲಿ:

* ದೇವರ ದೀಪ, ಮೇಣದ ಬತ್ತಿ, ಸೊಳ್ಳೆಬತ್ತಿಗಳನ್ನು ಬೆಕ್ಕು ಜಿಗಿಯುವ ಅಥವಾ ನಾಯಿಯ ಬಾಲ ತಗಲುವ ಎತ್ತರದಲ್ಲಿ ಇಡಬೇಡಿ. ಹೊರಗೆ ಹೋಗುವಾಗ ದೀಪ ಉರಿಯುತ್ತಿರುವಂತೆ ಬಿಡಬೇಡಿ.

* ಒಲೆಯ ಗುಂಡಿಗೆ ನಾಯಿಯ ಮುಂಗಾಲು ತಗಲಿ ಅನಿಲ ತೆರೆದುಕೊಳ್ಳಬಹುದು. ಮನೆಯಿಂದ ಹೊರಡುವಾಗ, ಮಲಗುವಾಗ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿರಿ. ಅಡುಗೆ ಅನಿಲ ಗಾಳಿಗಿಂತ ಭಾರವಾಗಿದ್ದು ಸೋರಿದಾಗ ನೆಲಮಟ್ಟದಲ್ಲಿ ಶೇಖರಗೊಳ್ಳುತ್ತದೆ. ನೆಲದ ಮೇಲೆ ಮಲಗುವ ಪ್ರಾಣಿ ಅದರ ನಡುವೆಯೇ ಇರುತ್ತದೆ.

* ನಾಯಿಮರಿ, ಮೊಲ, ಬಿಳಿ ಇಲಿಗಳು ವಿದ್ಯುತ್ ತಂತಿಯನ್ನು ಕಚ್ಚುತ್ತವೆ. ಹಲ್ಲಿನ ಗುರುತು ಬಿದ್ದ ತಂತಿಯನ್ನು ಟೇಪು ಸುತ್ತಿ ಬಳಸದೆ ಬದಲಾಯಿಸಿರಿ.

* ಚಳಿಗಾಲದಲ್ಲಿ ಮರಿಗಳನ್ನು ಬೆಚ್ಚಗಿಡಲು ರಟ್ಟಿನ ಪೆಟ್ಟಿಗೆಯೊಳಗೆ ಬಲ್ಬು ತೂಗುಹಾಕುವ ಪದ್ಧತಿಯಿದೆ. ಬಲ್ಬು ಬಟ್ಟೆಗೆ ತಾಗಿದರೆ ಬೆಂಕಿ ಹೊತ್ತುವುದು ಖಚಿತವೆಂದೇ ತಿಳಿಯಿರಿ.

* ಮೀನಿನ ತೊಟ್ಟಿಯ ತಂತಿಯು ಪ್ಲಗ್ಗಿಗಿಂತ ಕೆಳಕ್ಕೆ ಬಾಗಿ ಅನಂತರ ಮೇಲೇರುವಂತಿರಲಿ. ಆಗ ತಂತಿಯುದ್ದಕ್ಕೂ ಇಳಿಯುವ ನೀರು ಸಾಕೆಟ್ಟಿನೊಳಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ.

ಮನೆಯಲ್ಲಿ ಇರಬೇಕಾದ ಸಿದ್ಧತೆ

1. ಸರಪಳಿ ಮತ್ತು ಪಂಜರ: ಒಂಟಿಯಾಗಿ ಬಿಟ್ಟುಹೋಗುವ ನಾಯಿಯನ್ನು ಕಟ್ಟಿಹಾಕಬೇಡಿ. ಪ್ರಾಣಿಯನ್ನು ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಅನುಚಿತವಾಗಿ ದೀರ್ಘಕಾಲ ಕಟ್ಟಿಡುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಪಂಜರಕ್ಕೆ ಬೀಗದ ಬದಲು ಕೈಯಿಂದ ಸುಲಭವಾಗಿ ತೆಗೆಯಬಹುದಾದ ಚಿಲಕವಿರಲಿ.

2. ಗ್ರಿಲ್ಲುಗಳು: ಕಳ್ಳರ ಭಯ, ಪಾರಿವಾಳಗಳ ಕಾಟ ಹಾಗೂ ಬೆಕ್ಕು ಕೆಳಗೆ ಬೀಳಬಾರದೆಂಬ ಕಾಳಜಿಯಿಂದ ಬಾಲ್ಕನಿಗಳಿಗೆ ಪೂರ್ಣ ಗ್ರಿಲ್ ಹಾಕಿಸುವುದು ವಾಡಿಕೆ. 2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್ ಒಂದರಲ್ಲಿ ಬೆಂಕಿ ಬಿದ್ದಾಗ ಇಬ್ಬರು ಮಹಿಳೆಯರು ಮೃತಪಟ್ಟರು. ಬಾಲ್ಕನಿಯ ಗ್ರಿಲ್ ಹೊರಬರುವ ದಾರಿಗೆ ಅಡ್ಡಿಯಾದ ಆ ಘಟನೆಯನ್ನು ಯಾರೂ ಮರೆಯುವಂತಿಲ್ಲ. ಗ್ರಿಲ್ಲಿನಲ್ಲಿ ಒಳಗಿನಿಂದ ತೆರೆಯಬಹುದಾದ ಪುಟ್ಟ ಬಾಗಿಲೊಂದಿರಲಿ. ಅದರ ಕೀಲಿ ಪಕ್ಕದ ಮೊಳೆಯಲ್ಲೇ ಇರಲಿ.

3. ಒಳಬಾಗಿಲುಗಳು: ಬೆಂಕಿಯನ್ನು ತಡೆಯುವಲ್ಲಿ ಮುಚ್ಚಿದ ಬಾಗಿಲು ಬಹಳ ಪರಿಣಾಮಕಾರಿ. ಅಮೆರಿಕದ ಅಗ್ನಿ ಸುರಕ್ಷತಾ ಸಂಶೋಧಕರು ನಡೆಸಿದ ಪ್ರಯೋಗಗಳಲ್ಲಿ, ಬಾಗಿಲು ತೆರೆದಿದ್ದ ಕೋಣೆಯ ತಾಪಮಾನ ಸುಮಾರು 540 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಮುಚ್ಚಿದ ಕೋಣೆಯಲ್ಲಿ ಅದು 38 ಡಿಗ್ರಿಯ ಆಸುಪಾಸಿನಲ್ಲಿತ್ತು. ಪ್ರಾಣಿಯನ್ನು ಒಂಟಿಯಾಗಿ ಬಿಡುವಾಗ ಮುಂಬಾಗಿಲಿಗೆ ಸಮೀಪದ ಕೋಣೆಯಲ್ಲಿ ಬಿಟ್ಟು, ಅಡುಗೆಮನೆಯ ಹಾಗೂ ಇನ್ವರ್ಟರ್ ಬ್ಯಾಟರಿ ಇರುವ ಕೋಣೆಯ ಬಾಗಿಲುಗಳನ್ನು ಮುಚ್ಚಿರಿ. ವಿದ್ಯುತ್ ಸ್ಕೂಟರಿನ ಬ್ಯಾಟರಿಯನ್ನು ಯಾರೂ ಇಲ್ಲದ ವೇಳೆ ಮನೆಯೊಳಗೆ ಚಾರ್ಜಿಗೆ ಇಡಬೇಡಿ.

4. ಹೊಗೆ ಸೂಚಕ: ಬ್ಯಾಟರಿಯಿಂದ ನಡೆಯುವ ಹೊಗೆ ಸೂಚಕವನ್ನು ಮಲಗುವ ಕೋಣೆಯ ಹಾಗೂ ನಡುಮನೆಯ ಚಾವಣಿಗೆ ಅಳವಡಿಸಿ, ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿರಿ. ಅದರ ಕರ್ಕಶ ಸದ್ದಿಗೆ ಪ್ರಾಣಿಯೂ ಒಗ್ಗಿಕೊಳ್ಳುತ್ತದೆ. ಪರೀಕ್ಷೆಯ ವೇಳೆ ನಾಯಿಯನ್ನು ಬಾಗಿಲ ಬಳಿ ಕರೆದು ತಿಂಡಿ ಕೊಡುವ ರೂಢಿ ಮಾಡಿದರೆ, ಸದ್ದು ಕೇಳಿದಾಗ ಅದು ಅವಿತುಕೊಳ್ಳುವ ಬದಲು ಬಾಗಿಲಿಗೆ ಬರುವುದನ್ನು ಕಲಿಯುತ್ತದೆ.

5. ಮುಂಬಾಗಿಲ ಫಲಕ: ಎಷ್ಟು ನಾಯಿ, ಎಷ್ಟು ಬೆಕ್ಕು, ಸಾಮಾನ್ಯವಾಗಿ ಯಾವ ಕೋಣೆಯಲ್ಲಿರುತ್ತವೆ, ನಿಮ್ಮ ಮೊಬೈಲ್ ಸಂಖ್ಯೆ ಏನು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲಿನ ಬಳಿ ಅಂಟಿಸಿರಿ. ಪ್ರಾಣಿಗಳ ಸಂಖ್ಯೆ ಬದಲಾದಾಗ ಚೀಟಿಯನ್ನೂ ಬದಲಾಯಿಸಿರಿ. ಇಲ್ಲದ ಪ್ರಾಣಿಯನ್ನು ಹುಡುಕಲು ಹೋಗಿ ಸಿಬ್ಬಂದಿ ಅಪಾಯಕ್ಕೆ ಸಿಲುಕಬಾರದು.

6. ನೆರೆಯವರ ಬಳಿ ಕೀಲಿ: ಪ್ರಾಣಿಗೆ ಪರಿಚಯವಿರುವ ಪಕ್ಕದ ಮನೆಯವರ ಬಳಿ ಒಂದು ಕೀಲಿ ಇರಲಿ. ಅಪಾರ್ಟ್‌ಮೆಂಟಿನ ಕಾವಲುಗಾರರಿಗೂ ವಿಷಯ ತಿಳಿದಿರಲಿ.

7. ತುರ್ತು ಚೀಲ: ಹೆಚ್ಚುವರಿ ಪಟ್ಟಿ, ಬಾಯಿಕುಕ್ಕೆ, ದಪ್ಪ ಟವೆಲ್, ಎರಡು ದಿನದ ಆಹಾರ, ನೀರಿನ ಬಟ್ಟಲು, ಔಷಧಿ, ರೇಬೀಸ್ ಲಸಿಕೆಯ ದಾಖಲೆಯ ಪ್ರತಿ, ಪ್ರಾಣಿಯ ಇತ್ತೀಚಿನ ಭಾವಚಿತ್ರ ಇವಿಷ್ಟನ್ನು ಒಂದು ಚೀಲದಲ್ಲಿ ಹಾಕಿ ಮುಂಬಾಗಿಲ ಬಳಿ ತೂಗುಹಾಕಿರಿ. ಕೊರಳಪಟ್ಟಿಯಲ್ಲಿ ದೂರವಾಣಿ ಸಂಖ್ಯೆ ಇರಲೇಬೇಕು. ಗಾಬರಿಯಿಂದ ಬೀದಿಗೆ ಓಡಿದ ಪ್ರಾಣಿ ಮರಳಿ ಸಿಗಲು ಅದು ನೆರವಾಗುತ್ತದೆ.

ಬೆಂಕಿ ಕಾಣಿಸಿಕೊಂಡಾಗ

ಮೊದಲು ಮನೆಯ ಮಂದಿಯನ್ನು, ಅದರಲ್ಲೂ ಮಕ್ಕಳನ್ನೂ ವೃದ್ಧರನ್ನೂ ಎಬ್ಬಿಸಿ ಹೊರಡಿಸಿರಿ. ಯಾರು ಯಾವ ಪ್ರಾಣಿಯನ್ನು ಎತ್ತಿಕೊಳ್ಳಬೇಕೆಂಬುದು ಮೊದಲೇ ನಿಶ್ಚಯವಾಗಿರಲಿ. ಈ ಜವಾಬ್ದಾರಿಯನ್ನು ಮಕ್ಕಳಿಗೆ ವಹಿಸಬಾರದು. ಹೋಗುವ ದಾರಿಯಲ್ಲೇ ಪ್ರಾಣಿ ಕೈಗೆ ಸಿಕ್ಕರೆ ಎತ್ತಿಕೊಂಡು ನಡೆಯಿರಿ. ಸಿಗದಿದ್ದರೆ ಹುಡುಕುತ್ತಾ ನಿಲ್ಲಬೇಡಿ.

ಬೆಕ್ಕನ್ನು ದಿಂಬಿನ ಚೀಲದೊಳಗೆ ಹಾಕಿ ಬಾಯಿ ಹಿಡಿದರೆ ಪರಚದಂತೆ ಸುಲಭವಾಗಿ ಒಯ್ಯಬಹುದು. ಬಿಸಿ ಹೊಗೆ ಮೇಲಕ್ಕೇರುವುದರಿಂದ ನೆಲದ ಸಮೀಪದ ಗಾಳಿ ಕೊಂಚ ಶುದ್ಧವಾಗಿರುತ್ತದೆ. ಆದಕಾರಣ ನೀವೂ ಬಾಗಿ ನಡೆಯಿರಿ, ಪ್ರಾಣಿಯನ್ನೂ ಕೆಳಮಟ್ಟದಲ್ಲೇ ಹಿಡಿಯಿರಿ. ನಾಯಿಗೆ ಹಗ್ಗ ಹಾಕದೆ ಹೊರಗೆ ಬಿಡಬೇಡಿ. ಬೆದರಿದ ಪ್ರಾಣಿ ಮತ್ತೆ ಮನೆಯೊಳಗೇ ನುಗ್ಗುವುದುಂಟು. ಲಿಫ್ಟ್ ಬಳಸಬೇಡಿ.

ಒಳಗೆ ಪ್ರಾಣಿ ಉಳಿದುಬಿಟ್ಟರೆ ಏನು ಮಾಡಬೇಕು? ಸಾಕಿದವರಿಗೆ ಇದು ಅತ್ಯಂತ ಕಠಿಣವಾದ ಪ್ರಶ್ನೆ. ಉತ್ತರ ಮಾತ್ರ ಒಂದೇ: ಹೊರಬಂದ ಬಳಿಕ ಯಾವ ಕಾರಣಕ್ಕೂ ಮತ್ತೆ ಒಳಗೆ ಹೋಗಕೂಡದು. ಹೊಗೆ ತುಂಬಿದ ಮನೆಯಲ್ಲಿ ಕೆಲವೇ ಉಸಿರುಗಳಲ್ಲಿ ಪ್ರಜ್ಞೆ ತಪ್ಪಬಹುದು. ಆಗ ಅಗ್ನಿಶಾಮಕ ಸಿಬ್ಬಂದಿ ಪ್ರಾಣಿಯನ್ನು ಬಿಟ್ಟು ನಿಮ್ಮನ್ನು ಹುಡುಕಬೇಕಾಗುತ್ತದೆ. ಸಿಬ್ಬಂದಿ ಬಂದೊಡನೆ ಪ್ರಾಣಿ ಯಾವ ಕೋಣೆಯಲ್ಲಿದೆ, ಎಲ್ಲಿ ಅಡಗಿರಬಹುದು, ಕಚ್ಚುವ ಸ್ವಭಾವವಿದೆಯೇ ಎಂಬುದನ್ನು ಎರಡು ಮಾತಿನಲ್ಲಿ ತಿಳಿಸಿರಿ. ಅವರಿಗೆ ತೊಡಕಾಗದ ಜಾಗದಲ್ಲಿ ನಿಂತು ಪ್ರಾಣಿಯ ಹೆಸರು ಹಿಡಿದು ಕರೆಯುತ್ತಿರಿ. ಪರಿಚಿತ ದನಿಯನ್ನು ಅರಸಿ ಅದು ಹೊರಬರುವ ಸಾಧ್ಯತೆ ಇದೆ. ಇಂತಹ ಸಮಯದಲ್ಲಿ ಒಳಗೆ ಹೋಗದಿರುವುದು ಪ್ರೀತಿಯ ಕೊರತೆಯಲ್ಲ. ಪ್ರಾಣಿಯನ್ನು ಉಳಿಸುವ ಅವಕಾಶ ಸೂಕ್ತ ಸಲಕರಣೆ ಇದ್ದವರಿಗೇ ಹೆಚ್ಚು.

ಪ್ರಥಮ ಚಿಕಿತ್ಸೆ

ಹೊರಗೆ ತಂದ ಪ್ರಾಣಿಯನ್ನು ಶುದ್ಧ ಗಾಳಿಯಿರುವ ಕಡೆ ಮಲಗಿಸಿ, ಕೊರಳಪಟ್ಟಿ ಸಡಿಲಿಸಿರಿ. ಕೆಮ್ಮು, ಏದುಸಿರು, ಜೊಲ್ಲು, ತೂರಾಟ, ಬೆಕ್ಕಾದರೆ ಬಾಯಿ ತೆರೆದು ಉಸಿರಾಡುವುದು ಇವು ಹೊಗೆ ಸೇವನೆಯ ಲಕ್ಷಣಗಳು. ವಸಡು ಕಡುಗೆಂಪಾಗಿದ್ದರೆ ಕಾರ್ಬನ್ ಮಾನಾಕ್ಸೈಡ್ ಶಂಕೆ ಬಲವಾಗುತ್ತದೆ. ಮುಖ್ಯ ಚಿಕಿತ್ಸೆ ಆಮ್ಲಜನಕವಾದ್ದರಿಂದ ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಿರಿ. ಮೊದಲಿಗೆ ಚೇತರಿಸಿಕೊಂಡಂತೆ ಕಂಡ ಪ್ರಾಣಿಗೆ ಒಂದೆರಡು ದಿನಗಳ ಬಳಿಕ ಶ್ವಾಸಕೋಶದಲ್ಲಿ ನೀರು ತುಂಬಿ ಸ್ಥಿತಿ ಬಿಗಡಾಯಿಸಬಹುದು. ಆದ್ದರಿಂದ ಲಕ್ಷಣ ಇರಲಿ ಇಲ್ಲದಿರಲಿ, ತಪಾಸಣೆ ಮಾಡಿಸುವುದು ಒಳಿತು.

ಸುಟ್ಟ ಜಾಗದ ಮೇಲೆ ಹತ್ತರಿಂದ ಇಪ್ಪತ್ತು ನಿಮಿಷ ತಣ್ಣೀರನ್ನು ನಿಧಾನವಾಗಿ ಹರಿಸಿ, ಒದ್ದೆ ಮಾಡಿದ ಶುಭ್ರ ಬಟ್ಟೆಯಿಂದ ಮುಚ್ಚಿರಿ. ದೇಹದ ಉಳಿದ ಭಾಗ ಬೆಚ್ಚಗಿರಲಿ. ಮಂಜುಗಡ್ಡೆ, ತುಪ್ಪ, ಅರಿಶಿನ, ಶಾಯಿ, ಟೂತ್‌ಪೇಸ್ಟ್ ಬಳಿಯಬೇಡಿ. ಮನುಷ್ಯರ ಮುಲಾಮನ್ನು ಪ್ರಾಣಿ ನೆಕ್ಕಿ ವಿಷವೇರಬಹುದು. ನೋವಿಗೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೆಕ್ಕಿಗೆ ಅದು ಮಾರಕ. ಅಂಗಾಲುಗಳನ್ನು ಪರೀಕ್ಷಿಸಿರಿ, ಕಾದ ನೆಲದ ಮೇಲೆ ಓಡಿದ ಪ್ರಾಣಿಗೆ ಅಲ್ಲಿಯೇ ಗಾಯವಾಗಿರುತ್ತದೆ. ಪ್ರಜ್ಞೆ ಮಂದವಾಗಿರುವ ಪ್ರಾಣಿಯ ಬಾಯಿಗೆ ನೀರು ಹೊಯ್ಯಬಾರದು.

ರಕ್ಷಿಸುವಾಗ ನಿಮಗೆ ಕಚ್ಚಿದ ಅಥವಾ ಪರಚಿದ ಗಾಯವಾದರೆ ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ರೇಬೀಸ್ ಚುಚ್ಚುಮದ್ದಿನ ಬಗ್ಗೆ ಅಂದೇ ವೈದ್ಯರನ್ನು ಕಾಣಿರಿ.

ಒಂದು ತಾಯಿಬೆಕ್ಕಿನ ಕಥೆ

1996ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಪಾಳುಬಿದ್ದ ಗ್ಯಾರೇಜ್ ಒಂದಕ್ಕೆ ಬೆಂಕಿ ಬಿತ್ತು. ಒಳಗಿದ್ದ ಬೀದಿಬೆಕ್ಕೊಂದು ತನ್ನ ಐದು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹೊರತಂದಿತು. ಅದರ ಕಿವಿ, ಮುಖ ಸುಟ್ಟು ಕಣ್ಣುಗಳು ಮುಚ್ಚಿಹೋಗಿದ್ದವು. ಆದರೂ ಮರಿಗಳನ್ನು ಮೂಗಿನಿಂದ ಮುಟ್ಟಿ ಮುಟ್ಟಿ ಎಲ್ಲವೂ ಇವೆಯೇ ಎಂದು ಅದು ಖಚಿತಪಡಿಸಿಕೊಂಡಿತಂತೆ. ಒಂದು ಮರಿ ಮುಂದೆ ವೈರಾಣು ಸೋಂಕಿನಿಂದ ಸತ್ತಿತು. ಸ್ಕಾರ್ಲೆಟ್ ಎಂಬ ಹೆಸರು ಪಡೆದ ಆ ಬೆಕ್ಕು ಚಿಕಿತ್ಸೆಯಿಂದ ಚೇತರಿಸಿಕೊಂಡು, ತನ್ನನ್ನು ಸಾಕಿದವರ ಮನೆಯಲ್ಲಿ 2008ರವರೆಗೆ ಬದುಕಿತ್ತು.

ಅಮೆರಿಕದಲ್ಲಿ 2009ರಿಂದ ಜುಲೈ 15ನ್ನು ಸಾಕುಪ್ರಾಣಿಗಳ ಅಗ್ನಿ ಸುರಕ್ಷತಾ ದಿನವೆಂದು ಆಚರಿಸಲಾಗುತ್ತಿದೆ. ಅಲ್ಲಿನ ಹಲವು ಅಗ್ನಿಶಾಮಕ ಠಾಣೆಗಳಲ್ಲಿ ಪ್ರಾಣಿಗಳ ಮೂತಿಗೆ ಹೊಂದುವ ಆಮ್ಲಜನಕ ಮುಖವಾಡಗಳೂ ಇವೆ. ಅಂತಹ ಸಲಕರಣೆ ಕೈಗೆ ಸಿಗದಿದ್ದರೂ ಬಾಗಿಲ ಚೀಟಿ, ನೆರೆಮನೆಯ ಕೀಲಿ, ಬಿಚ್ಚಿದ ಸರಪಳಿ ಇವುಗಳಿಗೆ ಹಣ ಬೇಕಿಲ್ಲ. ಇಂದು ಸಂಜೆಯೇ ಮಾಡಿ ಮುಗಿಸಬಹುದಾದ ಕೆಲಸಗಳಿವು.

ನೆನಪಿನಲ್ಲಿರಲಿ

ಅಗ್ನಿಶಾಮಕ ದಳ: 101
ಎಲ್ಲ ಬಗೆಯ ತುರ್ತು ಸೇವೆ: 112
ಅಡುಗೆ ಅನಿಲ ಸೋರಿಕೆ: 1906
ಸಂಚಾರಿ ಪಶುಚಿಕಿತ್ಸಾ ಸೇವೆ (ಮುಖ್ಯವಾಗಿ ಜಾನುವಾರುಗಳಿಗೆ): 1962

ನಿಮ್ಮ ಊರಿನಲ್ಲಿ ರಾತ್ರಿ ವೇಳೆಯೂ ತೆರೆದಿರುವ ಪಶು ಆಸ್ಪತ್ರೆ ಯಾವುದು ಎಂಬುದನ್ನು ಇಂದೇ ವಿಚಾರಿಸಿ, ಅದರ ಸಂಖ್ಯೆಯನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಿರಿ.