ಮರೆವಿನ ಜೊತೆ ಕೈ ನಡುಕ, ನಿಧಾನವಾದ ಹೆಜ್ಜೆ: ವಯಸ್ಸಿನ ಲಕ್ಷಣ ಎಂದು ಸುಮ್ಮನಿರಬೇಡಿ

ಮರೆವಿನ ಕಾಯಿಲೆ ಇರುವ ಅಪ್ಪ ಅಥವಾ ಅಮ್ಮನ ಕೈ ನಡುಗತೊಡಗಿದರೆ, ಹೆಜ್ಜೆ ನಿಧಾನವಾದರೆ ಮನೆಯವರು 'ವಯಸ್ಸಾಯಿತಲ್ಲ' ಎಂದು ಸುಮ್ಮನಾಗುವುದೇ ಹೆಚ್ಚು. ಆದರೆ ಡಿಮೆನ್ಷಿಯಾಕ್ಕೆ ಅತಿ ಸಾಮಾನ್ಯ ಕಾರಣವಾದ ಅಲ್ಝೈಮರ್ ಕಾಯಿಲೆಯ ಆರಂಭದಲ್ಲಿ ನಡಿಗೆ ಬಹುತೇಕ ಸರಿಯಾಗಿಯೇ ಇರುತ್ತದೆ. ನಡುಕ, ನಡಿಗೆಯ ಬದಲಾವಣೆ ಬೇಗನೆ ಕಾಣಿಸಿಕೊಂಡರೆ ಬೇರೆ ಕಾರಣ ಹುಡುಕಬೇಕು. ಅವುಗಳಲ್ಲಿ ಕೆಲವನ್ನು ಸರಿಪಡಿಸಲೂ ಸಾಧ್ಯ.

ನಡುಕ ಯಾವಾಗ ಬರುತ್ತದೆ?

ತೊಡೆಯ ಮೇಲೆ ಕೈ ಇಟ್ಟು ಸುಮ್ಮನೆ ಕುಳಿತಾಗ ಬೆರಳು ನಡುಗಿ, ಏನನ್ನಾದರೂ ಹಿಡಿಯಲು ಕೈ ಚಾಚಿದಾಗ ಕಡಿಮೆಯಾದರೆ ಅದು ಪಾರ್ಕಿನ್ಸನ್ ಮಾದರಿಯ ನಡುಕ. ಇದು ಸಾಮಾನ್ಯವಾಗಿ ಒಂದು ಕೈಯಲ್ಲಿ ಶುರುವಾಗುತ್ತದೆ. ಕಾಫಿ ಲೋಟ ಎತ್ತುವಾಗ, ಸಹಿ ಹಾಕುವಾಗ ಎರಡೂ ಕೈ ನಡುಗಿದರೆ ಎಸೆನ್ಷಿಯಲ್ ಟ್ರೆಮರ್, ಥೈರಾಯ್ಡ್ ಏರುಪೇರು ಅಥವಾ ಔಷಧದ ಪರಿಣಾಮ ಇರಬಹುದು.

ನಡಿಗೆ ಹೇಳುವುದೇನು?

* ಪುಟ್ಟ ಹೆಜ್ಜೆ, ಬೀಸದ ಕೈ, ತಿರುಗುವಾಗ ತಡವರಿಕೆ, ಹೊಸ್ತಿಲ ಬಳಿ ಕಾಲು ಕಚ್ಚಿಕೊಂಡಂತಾಗುವುದು: ಪಾರ್ಕಿನ್ಸನ್ ಅಥವಾ ಲೂಯಿ ಬಾಡಿ ಡಿಮೆನ್ಷಿಯಾ ಇರಬಹುದು.
* ಕಾಲು ಅಗಲಿಸಿ, ಪಾದ ನೆಲಕ್ಕೆ ಅಂಟಿದಂತೆ ನಡೆಯುವುದು, ಜೊತೆಗೆ ಮೂತ್ರ ತಡೆಯಲಾಗದಿರುವುದು: ಮೆದುಳಿನಲ್ಲಿ ದ್ರವ ಸಂಗ್ರಹವಾಗುವ ಎನ್‌ಪಿಎಚ್ ಸಮಸ್ಯೆ ಇರಬಹುದು. ಸ್ಕ್ಯಾನ್ ಮತ್ತಿತರ ಪರೀಕ್ಷೆಯಿಂದ ಪತ್ತೆಯಾಗುತ್ತದೆ. ಶಂಟ್ ಶಸ್ತ್ರಚಿಕಿತ್ಸೆಯಿಂದ ಹಲವರ ನಡಿಗೆ ಸುಧಾರಿಸುತ್ತದೆ.

ಇಲ್ಲದ್ದು ಕಾಣುತ್ತದೆಯೇ?

ಮನೆಯಲ್ಲಿ ಇಲ್ಲದ ಮಕ್ಕಳು, ಪ್ರಾಣಿಗಳು ಕಾಣುವುದು, ಒಂದು ದಿನ ಚುರುಕು ಮರುದಿನ ಮಂಕು, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುವುದು ಲೂಯಿ ಬಾಡಿ ಡಿಮೆನ್ಷಿಯಾದ ಲಕ್ಷಣಗಳು. ಇಂಥವರಿಗೆ ಭ್ರಮೆ ನಿಲ್ಲಿಸಲು ಹ್ಯಾಲೊಪೆರಿಡಾಲ್‌ನಂಥ ಔಷಧ ಕೊಟ್ಟರೆ ಮೈ ಮರಗಟ್ಟಿ ಪ್ರಾಣಾಪಾಯವೂ ಆಗಬಹುದು. ಆದ್ದರಿಂದ ಈ ಲಕ್ಷಣಗಳನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಮಾತ್ರೆಯ ಡಬ್ಬಿಯನ್ನೂ ನೋಡಿ

ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್, ಫ್ಲುನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಗ್ಯಾಸ್ಟ್ರಿಕ್ ಮಾತ್ರೆಗಳಲ್ಲಿ ಸೇರಿರುವ ಲೆವೊಸಲ್ಪಿರೈಡ್ ಹಿರಿಯರಲ್ಲಿ ಪಾರ್ಕಿನ್ಸನ್‌ನಂಥದ್ದೇ ನಡುಕ, ಬಿಗಿತ ತರಬಲ್ಲವು. ವೈದ್ಯರು ನಿಲ್ಲಿಸಿದ ಮೇಲೆ ಇದು ಹೆಚ್ಚಿನವರಲ್ಲಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಇಳಿಯುತ್ತದೆ. ಆದರೆ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ತಡಮಾಡದೆ ಆಸ್ಪತ್ರೆಗೆ

ಮುಖ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲು ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಸೂಚನೆ. ಬಿದ್ದು ಕೆಲವು ವಾರಗಳಾದ ಮೇಲೂ ನಡಿಗೆ ಕೆಟ್ಟರೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ, ತಲೆಯೊಳಗಿನ ರಕ್ತಸ್ರಾವ ಕಾರಣವಿರಬಹುದು. ಒಂದೆರಡು ದಿನದಲ್ಲೇ ಗೊಂದಲ, ತತ್ತರಿಕೆ ಹೆಚ್ಚಿದರೆ ಸೋಂಕು, ನಿರ್ಜಲೀಕರಣ ಅಥವಾ ಸೋಡಿಯಂ ಕೊರತೆ ಇದೆಯೇ ಎಂದು ಪರೀಕ್ಷಿಸಬೇಕು.

ದೂರದ ಊರಿನಲ್ಲಿದ್ದರೆ

ಮುಂಬೈ, ಪುಣೆಯಲ್ಲಿ ಕೆಲಸ, ಊರಲ್ಲಿ ಹೆತ್ತವರು ಎನ್ನುವವರಿಗೆ ವಿಡಿಯೋ ಕರೆಯಲ್ಲಿ ಸಾಮಾನ್ಯವಾಗಿ ಮುಖ ಮಾತ್ರ ಕಾಣುತ್ತದೆ. ಕುರ್ಚಿಯಿಂದ ಎದ್ದು, ಸ್ವಲ್ಪ ದೂರ ನಡೆದು, ತಿರುಗಿ ಬಂದು ಕೂರುವುದನ್ನು ಯಾರಿಂದಲಾದರೂ ತಿಂಗಳಿಗೊಮ್ಮೆ ಚಿತ್ರೀಕರಿಸಿ. ಮರೆವು ಮೊದಲೋ ನಡುಕ ಮೊದಲೋ, ಎಷ್ಟು ಬಾರಿ ಬಿದ್ದಿದ್ದಾರೆ ಎಂಬುದನ್ನು ದಿನಾಂಕ ಸಹಿತ ಬರೆದಿಡಿ. ಇವನ್ನೂ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ನರರೋಗ ತಜ್ಞರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ರೋಗಿಗಳ ತಪಾಸಣೆ ನಡೆಯುತ್ತದೆ. ಹಿರಿಯರ ರಾಷ್ಟ್ರೀಯ ಸಹಾಯವಾಣಿ ಸಂಖ್ಯೆ 14567.

ಅಲ್ಲಿಯವರೆಗೆ ಜಾರುವ ಕಾಲೊರೆಸು ತೆಗೆದು, ಬಚ್ಚಲಲ್ಲಿ ಹಿಡಿಕೆ, ರಾತ್ರಿ ಪುಟ್ಟ ದೀಪ ಹಾಕಿಸಿ. ಕಾಲು ಕಚ್ಚಿಕೊಂಡಾಗ ಕೈ ಹಿಡಿದು ಎಳೆಯಬೇಡಿ, ಜೊತೆಗೆ ನಿಂತು 'ಒಂದು, ಎರಡು' ಎಂದು ಎಣಿಸಿ. ಆ ತಾಳಕ್ಕೆ ಹೆಜ್ಜೆ ಮುಂದೆ ಬರುವುದುಂಟು.