ಇಬ್ರಾಹಿಂಪುರ: ಖಾಸಗಿ ಬಾವಿ, ಶೌಚಗುಂಡಿಗಳ ನಿಯಂತ್ರಣ

ಇಬ್ರಾಹಿಂಪುರ ಈಗ ವಿಜಯಪುರ ನಗರದ ಭಾಗ. ಆದಿಲಶಾಹಿ ಕಾಲದಲ್ಲಿ ಇಲ್ಲಿ ಕುಡಿಯುವ ನೀರಿಗೆ ಸಾರ್ವಜನಿಕ ಬಾವಡಿಗಳೂ (ಮೆಟ್ಟಿಲುಬಾವಿಗಳು) ಆಸರೆಯಾಗಿದ್ದವು. ಚಾಂದ್ ಬಾವಡಿ (1579), ತಾಜ್ ಬಾವಡಿಗಳ ಸಾಲಿನಲ್ಲೇ ಇಬ್ರಾಹಿಂಪುರದ ಬಾವಡಿಯೂ ಸೇರುತ್ತದೆ.

ಸುತ್ತಲ ಹಳ್ಳಿಗಳ ಹೊಲದ ಬಾವಿಗೆ ಮಾತ್ರ ಕಟ್ಟಳೆ ಬಂದದ್ದು ಬಹಳ ತಡವಾಗಿ. 1882ರ ಈಸ್‌ಮೆಂಟ್ ಕಾಯ್ದೆ 1891ರಲ್ಲಿ ಮುಂಬಯಿ ಪ್ರಾಂತ್ಯಕ್ಕೂ ಅನ್ವಯವಾಯಿತು. ವಿಜಯಪುರ ಆಗ ಆ ಪ್ರಾಂತ್ಯದಲ್ಲಿತ್ತು. ನಿರ್ದಿಷ್ಟ ಹಾದಿಯಲ್ಲಿ ಹರಿಯದ ಅಂತರ್ಜಲವನ್ನು ತನ್ನ ಜಮೀನಿನಲ್ಲಿ ಎತ್ತಿಕೊಳ್ಳುವ ಹಕ್ಕು ಹೊಲದ ಒಡೆಯನದು ಎಂದು ಅದು ಒಪ್ಪಿತು. ಎತ್ತಿನ ಕಪಿಲೆಯ ಕಾಲಕ್ಕೆ ಈ ಹಕ್ಕು ಸಲ್ಲುತ್ತಿತ್ತು. ಬಾವಿ ಕೊರೆಯುವ ರಿಗ್ ಬಂದು, ಜಿಲ್ಲೆಯ ತಿಕೋಟಾ ಸುತ್ತಿನಲ್ಲಿ ದ್ರಾಕ್ಷಿಗೆ ಬೋರ್ ಮೇಲೆ ಬೋರ್ ಕೊರೆಸತೊಡಗಿದಾಗ ಅದೇ ಹಕ್ಕು ನೆರೆಯವನ ಬಾವಿಯನ್ನು ಬತ್ತಿಸುವ ಹಕ್ಕಾಯಿತು.

ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದದ್ದು ಹೆಸರಿನಲ್ಲಿ 1999 ಎಂದಿರುವ ರಾಜ್ಯ ಕಾಯ್ದೆ. ಜಾರಿಗೆ ಬಂದದ್ದು ಮಾತ್ರ 2003ರಲ್ಲಿ. 2011ರ ಅಂತರ್ಜಲ ಕಾಯ್ದೆ ಪ್ರಾಧಿಕಾರ ರಚಿಸಿತು, ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿಗೆ ಅನುಮತಿ ಬೇಕೆಂದಿತು, ಕೊರೆಯುವ ರಿಗ್‌ಗಳಿಗೂ ನೋಂದಣಿ ಕಡ್ಡಾಯ ಮಾಡಿತು. ವಿಫಲ ಬೋರ್‌ಗಳನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಆದರೂ 2014ರಲ್ಲಿ ಜಿಲ್ಲೆಯ ನಾಗಠಾಣದ ತೆರೆದ ಬೋರ್‌ಗೆ ಬಿದ್ದ ಬಾಲಕಿ ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಎರಡು ವರ್ಷದ ಮಗುವನ್ನು ಜೀವಂತ ಮೇಲೆತ್ತಲಾಯಿತು. ಅದೇ ವರ್ಷದ ಕೊನೆಗೆ ವಿಧಾನಮಂಡಲ ತೆರೆದ ಬೋರ್ ಬಿಟ್ಟವರಿಗೆ ಜೈಲು, ದಂಡ ವಿಧಿಸುವ ತಿದ್ದುಪಡಿಯನ್ನು ಅಂಗೀಕರಿಸಿತು.

ಶೌಚಗುಂಡಿಯ ಕಡೆ ಇಷ್ಟು ಗದ್ದಲವಿಲ್ಲ. ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರವಿರಬೇಕೆಂಬುದು ಸೆಪ್ಟಿಕ್ ಟ್ಯಾಂಕ್ ಕುರಿತ ಭಾರತೀಯ ಮಾನಕದ ಸೂಚನೆ. ಮಣ್ಣು ನೀರನ್ನು ಸೋಸುತ್ತದೆಂಬ ಲೆಕ್ಕ ಅದು. ವಿಜಯಪುರದ ಎರೆಮಣ್ಣು ನೀರನ್ನು ಬೇಗ ಇಂಗಿಸುವುದಿಲ್ಲ. ಅದರಡಿಯ ಕಪ್ಪು ಬಸಾಲ್ಟ್ ಬಂಡೆಯ ಬಿರುಕಿಗೆ ಇಳಿದ ಕೊಳೆ ಸೋಸಿಕೊಳ್ಳದೆ ದೂರ ಹೋಗಬಲ್ಲದು. ಹೀಗಿರುವಾಗ ಇಲ್ಲಿ 18 ಮೀಟರ್ ಎಂಬುದು ಭರವಸೆ ಇಡುವಂಥ ಅಳತೆಯಲ್ಲ.

2014ರ ಸ್ವಚ್ಛ ಭಾರತ ಅಭಿಯಾನದ ಬಳಿಕ ಹಳ್ಳಿಗಳಲ್ಲಿ ಶೌಚಾಲಯಗಳು ವೇಗವಾಗಿ ಹೆಚ್ಚಿದವು. ಗುಂಡಿ ಬಳಿಯಲು ಸುರಕ್ಷತಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕೇಂದ್ರ ಕಾಯ್ದೆ ನಿಷೇಧಿಸಿದ್ದರಿಂದ ಸಕ್ಕಿಂಗ್ ಮಷಿನ್ ಬೇಕಾಯಿತು. ಅದು ಹೀರಿದ ಕೆಸರನ್ನು ಸುರಿಯಲು ಸ್ಥಳವೂ ಬೇಕಾಯಿತು. ದೇವನಹಳ್ಳಿಯಲ್ಲಿ 2015ರಲ್ಲಿ ಇದಕ್ಕೆಂದೇ ಸಂಸ್ಕರಣಾ ಘಟಕ ಆರಂಭವಾಯಿತು. ಇಷ್ಟಾದರೂ ಬಾವಿಯ ಅರ್ಜಿ ಹೋಗುವುದು ಅಂತರ್ಜಲ ಪ್ರಾಧಿಕಾರದ ವ್ಯವಸ್ಥೆಗೆ, ಮನೆ ಮತ್ತು ಶೌಚಾಲಯದ ಕಡತ ಉಳಿಯುವುದು ಗ್ರಾಮ ಪಂಚಾಯಿತಿಯಲ್ಲಿ.